ಓದುಗರು ಕೇಳಿದ್ದು: ಎರಡನೇ ಭಾಗದ ಟ್ರೇಲರ್, ಮೊದಲನೇ ಭಾಗದ ನೆನಪು

ಜನ ಮೆಚ್ಚಿದ ಚಿತ್ರವೊಂದರ ಎರಡನೇ ಭಾಗದ ಟ್ರೇಲರ್ ಬಂದ ದಿನ ಅಭಿಮಾನಿಗಳಲ್ಲಿ ಏಳುವ ಸಂಭ್ರಮ, ಸಿಟ್ಟು ಮತ್ತು ಜಗಳಗಳ ಬಗ್ಗೆ ಪ್ರಶ್ನೆ ಕಳಿಸಿರೆಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಬರೆದಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ. ಅಭಿಮಾನಿಗಳ ಜಗಳದಲ್ಲಿ ಹೆಸರು ಹೊರಬೀಳುವುದು ಯಾರಿಗೂ ಬೇಡವಾದ ಸಂಗತಿ.

ಪ್ರಶ್ನೆ: ನಾವು ಐವರು ಗೆಳೆಯರು ಒಬ್ಬನೇ ನಟನ ಅಭಿಮಾನಿಗಳು. ಅವರ ಚಿತ್ರದ ಎರಡನೇ ಭಾಗದ ಟ್ರೇಲರ್ ಬಂದ ದಿನ ಕಾಲೇಜಿನ ಹಿಂದಿನ ಚಹಾದ ಅಂಗಡಿಯಲ್ಲಿ ಒಂದೇ ಮೊಬೈಲಿನಲ್ಲಿ ನೋಡಿದೆವು. ಮೂವರಿಗೆ ಮನಸ್ಸಿಗೆ ಬಂತು, ಇಬ್ಬರಿಗೆ ಬರಲಿಲ್ಲ. ‘ಮೊದಲನೇದರಾಗಿನ ಖದರು ಇದರಾಗ ಇಲ್ಲ’ ಎಂದು ನಾನು ಅಂದದ್ದಕ್ಕೆ ಒಬ್ಬ ಗೆಳೆಯ ಇವತ್ತಿಗೂ ಮಾತು ಬಿಟ್ಟಿದ್ದಾನೆ. ಎರಡೂವರೆ ನಿಮಿಷದ ತುಣುಕಿಗೆ ಇಷ್ಟು ಜಗಳ ಯಾಕೆ?
– ಪದವಿ ವಿದ್ಯಾರ್ಥಿ, ಸೇಡಂ

ಉತ್ತರ: ನೀವು ಟ್ರೇಲರ್ ಚೆನ್ನಾಗಿಲ್ಲ ಎನ್ನಲಿಲ್ಲ, ಮೊದಲನೆಯದರ ಖದರು ಇಲ್ಲವೆಂದಿರಿ. ಜಗಳದ ಬೇರು ಅಲ್ಲಿಯೇ ಇದೆ. ಮೊದಲ ಭಾಗ ತೆರೆಗೆ ಬರುವಾಗ ಅದಕ್ಕೆ ವಾರಸುದಾರರು ಯಾರೂ ಇರುವುದಿಲ್ಲ. ಎರಡನೆಯ ಭಾಗಕ್ಕಾದರೆ ಅದು ಹುಟ್ಟುವ ಮೊದಲೇ ಲಕ್ಷಗಟ್ಟಲೆ ವಾರಸುದಾರರು ಕಾದು ಕುಳಿತಿರುತ್ತಾರೆ, ಮತ್ತು ಅವರಲ್ಲಿ ಪ್ರತಿಯೊಬ್ಬರೂ ತಮ್ಮ ಪಾಲಿನ ಎರಡನೇ ಭಾಗವನ್ನು ಮನಸ್ಸಿನಲ್ಲೇ ಚಿತ್ರೀಕರಿಸಿ, ಹಿನ್ನೆಲೆ ಸಂಗೀತವನ್ನೂ ಕೂಡಿಸಿ, ಮುಗಿಸಿಟ್ಟಿರುತ್ತಾರೆ. ‘ಕೆಜಿಎಫ್’ನ ಮೊದಲ ಅಧ್ಯಾಯ ತೆರೆಕಂಡದ್ದು 2018ರ ಡಿಸೆಂಬರ್ 21ರಂದು. ಎರಡನೆಯದರ ಟೀಸರ್ ಸೋರಿಕೆಯಾದ ಕಾರಣ ಹೇಳಿದ ಹೊತ್ತಿಗಿಂತ ಮುಂಚೆಯೇ, 2021ರ ಜನವರಿ 7ರ ರಾತ್ರಿ ಹೊರಬಂತು. ಟ್ರೇಲರ್ ಬಂದದ್ದು 2022ರ ಮಾರ್ಚ್ 27ರಂದು, ಚಿತ್ರ ಏಪ್ರಿಲ್ 14ರಂದು. ಮೊದಲ ಅಧ್ಯಾಯವನ್ನು ಎಂಟನೇ ತರಗತಿಯಲ್ಲಿದ್ದಾಗ ನೋಡಿದ ಹುಡುಗ ಎರಡನೆಯದರ ಟ್ರೇಲರ್ ಬರುವಷ್ಟರಲ್ಲಿ ಪಿಯುಸಿಗೆ ಬಂದಿದ್ದ, ನಡುವೆ ಕೊರೊನಾದ ಎರಡು ವರ್ಷ ಮನೆಯಲ್ಲಿ ಕುಳಿತು ಮೊದಲನೆಯದನ್ನೇ ಮತ್ತೆ ಮತ್ತೆ ನೋಡಿದ್ದ. ಅಂಥವನ ಮುಂದೆ ಟ್ರೇಲರ್ ಇಟ್ಟರೆ ಅವನು ಅದನ್ನು ಹೊಸ ಚಿತ್ರದ ತುಣುಕೆಂದು ನೋಡುವುದಿಲ್ಲ; ಊರು ಬಿಟ್ಟು ಹೋಗಿ ಮೂರು ವರ್ಷಕ್ಕೆ ಮರಳಿ ಬಂದ ಅಣ್ಣನನ್ನು ಬಸ್ ನಿಲ್ದಾಣದಲ್ಲಿ ನೋಡುವಂತೆ ನೋಡುತ್ತಾನೆ. ಅಣ್ಣ ದಪ್ಪಗಾಗಿದ್ದರೂ ಕಷ್ಟ, ಸೊರಗಿದ್ದರೂ ಕಷ್ಟ.

ಅಂತರ ಇನ್ನೂ ಹೆಚ್ಚಾದರೆ ತೊಡಕು ಬೇರೆ ಬಗೆಯದು. ‘ಮುಂಗಾರು ಮಳೆ’ 2006ರದು, ‘ಮುಂಗಾರು ಮಳೆ 2’ 2016ರದು. ನಾಯಕ ಗಣೇಶ್ ಅವರೇ, ನಿರ್ದೇಶಕರು ಮಾತ್ರ ಯೋಗರಾಜ್ ಭಟ್ಟರ ಬದಲು ಶಶಾಂಕ್. ಮೊದಲನೆಯದನ್ನು ಹದಿನೆಂಟರ ವಯಸ್ಸಿನಲ್ಲಿ ನೋಡಿದವರಿಗೆ ಎರಡನೆಯದು ಬರುವಾಗ ಇಪ್ಪತ್ತೆಂಟು. ಅವರು ಹುಡುಕುತ್ತಿದ್ದ ಮಳೆ ಯಾವ ಕ್ಯಾಮೆರಾಕ್ಕೂ ಸಿಗುವಂಥದಲ್ಲ, ಏಕೆಂದರೆ ಅದು ಸುರಿದದ್ದು ಅವರ ಹದಿನೆಂಟನೆಯ ವರ್ಷದಲ್ಲಿ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 2004ರ ‘ಆಪ್ತಮಿತ್ರ’ದ ಮುಂದುವರಿಕೆಯಾದ ‘ಆಪ್ತರಕ್ಷಕ’ 2010ರ ಫೆಬ್ರವರಿಯಲ್ಲಿ ಬಂತು. ವಿಷ್ಣುವರ್ಧನ್ ತೀರಿಕೊಂಡದ್ದು ಅದಕ್ಕೆ ಎರಡು ತಿಂಗಳು ಮುಂಚೆ, 2009ರ ಡಿಸೆಂಬರ್ 30ರಂದು. ಆಗ ಚಿತ್ರಮಂದಿರಕ್ಕೆ ಹೋದ ನನ್ನ ಪರಿಚಯದವರಲ್ಲಿ ಯಾರೂ ಎರಡು ಚಿತ್ರಗಳನ್ನು ತಕ್ಕಡಿಯಲ್ಲಿಟ್ಟು ತೂಗಲಿಲ್ಲ. ಅವರು ಹೋದದ್ದು ತಮ್ಮ ನಟನನ್ನು ಮತ್ತೊಮ್ಮೆ ತೆರೆಯ ಮೇಲೆ ಕಾಣಲಿಕ್ಕೆ. ಟ್ರೇಲರಿಗೆ ಬರುವ ಪ್ರತಿಕ್ರಿಯೆಯಲ್ಲಿ ಮುಕ್ಕಾಲು ಪಾಲು ಮೊದಲ ಭಾಗದ ನೆನಪಿಗೆ ಸಲ್ಲುತ್ತದೆ, ಉಳಿದ ಕಾಲು ಪಾಲು ಟ್ರೇಲರಿಗೆ ಎಂಬುದು ನನ್ನ ಅಂದಾಜು.

ಮಾತು ಬಿಟ್ಟ ಗೆಳೆಯನ ವಿಷಯ: ಅವನಿಗೆ ನೋವಾಗಿದ್ದು ಟ್ರೇಲರನ್ನು ನೀವು ಹಳಿದಿರೆಂದಲ್ಲ, ಐವರೂ ಸೇರಿ ಕಾದದ್ದನ್ನು ನೀವೊಬ್ಬರು ಕೈಬಿಟ್ಟಿರೆಂದು. ಅದೇ ಅಂಗಡಿಗೆ ಕರೆದು ಒಂದು ಕಟ್ ಚಹಾ ಕುಡಿಸಿರಿ. ಚಿತ್ರದ ಮಾತನ್ನು ಮಾತ್ರ ಬಿಡುಗಡೆಯ ತನಕ ಎತ್ತಬೇಡಿರಿ.

ಪ್ರಶ್ನೆ: ನಮ್ಮಲ್ಲಿ ಟ್ರೇಲರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ತೊಗರಿ, ಕಬ್ಬು ಹೇರುವಂಥದು. ಸಿನಿಮಾದವರು ಮುಂದೆ ತೋರಿಸುವುದಕ್ಕೆ ಹಿಂದೆ ಕಟ್ಟುವುದರ ಹೆಸರನ್ನು ಏಕೆ ಇಟ್ಟರು?
– ರೈತರು, ಜೇವರ್ಗಿ

ಉತ್ತರ: ಎರಡೂ ಒಂದೇ ಶಬ್ದ, ಒಂದೇ ಅರ್ಥ. ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಮುಂಬರುವ ಚಿತ್ರದ ತುಣುಕನ್ನು ಆ ದಿನದ ಚಿತ್ರ ಮುಗಿದ ಮೇಲೆ, ಅದರ ಬಾಲಕ್ಕೆ ಕಟ್ಟಿದ ಹಾಗೆ ತೋರಿಸುತ್ತಿದ್ದರು. ಚಿತ್ರ ಮುಗಿದೊಡನೆ ಜನ ಎದ್ದು ಹೋಗುವುದನ್ನು ಕಂಡು ಕ್ರಮೇಣ ತುಣುಕನ್ನು ಮುಂದಕ್ಕೆ ತಂದರು, ಹೆಸರು ಹಿಂದೆಯೇ ಉಳಿಯಿತು.

ಪ್ರಶ್ನೆ: ಟ್ರೇಲರ್ ಬಂದ ಮರುದಿನವೇ ‘24 ಗಂಟೆಯಲ್ಲಿ ಇಷ್ಟು ಕೋಟಿ ವೀಕ್ಷಣೆ’ ಎಂಬ ಪೋಸ್ಟರ್ ಬರುತ್ತದೆ. ನನ್ನ ಅಂಗಡಿಗೆ ಬರುವ ಎರಡು ಬಣದ ಹುಡುಗರು ಈ ಅಂಕಿ ಹಿಡಿದುಕೊಂಡೇ ವಾದಿಸುತ್ತಾರೆ. ಈ ಲೆಕ್ಕ ಖರೆಯೇ?
– ಮೊಬೈಲ್ ರಿಪೇರಿ ಅಂಗಡಿಯವರು, ಬೀದರ್

ಉತ್ತರ: ಲೆಕ್ಕ ಸುಳ್ಳಿರಲಿಕ್ಕಿಲ್ಲ, ಆದರೆ ಅದು ಏನನ್ನು ಎಣಿಸುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ‘ಕೆಜಿಎಫ್’ ಎರಡನೇ ಅಧ್ಯಾಯದ ಟ್ರೇಲರಿಗೆ 24 ಗಂಟೆಯಲ್ಲಿ 10.9 ಕೋಟಿ ವೀಕ್ಷಣೆ ಬಂತೆಂದು ನಿರ್ಮಾಣ ಸಂಸ್ಥೆ ಪ್ರಕಟಿಸಿತ್ತು. ಅದು ಐದು ಭಾಷೆಗಳ ಐದು ವಿಡಿಯೊಗಳನ್ನು ಕೂಡಿಸಿ ಬಂದ ಮೊತ್ತ: ಹಿಂದಿಯಲ್ಲಿ 5.1 ಕೋಟಿ, ತೆಲುಗಿನಲ್ಲಿ 2 ಕೋಟಿ, ಕನ್ನಡದಲ್ಲಿ 1.8 ಕೋಟಿ, ತಮಿಳಿನಲ್ಲಿ 1.2 ಕೋಟಿ, ಮಲಯಾಳದಲ್ಲಿ 80 ಲಕ್ಷ. ಈಗ ನಿಮ್ಮ ಬೀದರನ್ನೇ ನೋಡಿರಿ. ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಒಂದೇ ಓಣಿಯಲ್ಲಿ ಕಿವಿಗೆ ಬೀಳುವ ಊರದು. ನಿಮ್ಮ ಅಂಗಡಿಯ ಹುಡುಗ ಮೊದಲು ಕನ್ನಡದ ಟ್ರೇಲರ್ ನೋಡುತ್ತಾನೆ, ‘ಹಿಂದ್ಯಾಗ ಅವರ ದನಿ ಹ್ಯಾಂಗ ಬಂದದ ನೋಡೋಣು’ ಎಂದು ಹಿಂದಿಯದನ್ನು ಹಚ್ಚುತ್ತಾನೆ, ಸಂಜೆ ಝಹೀರಾಬಾದಿನ ಗೆಳೆಯ ಕಳಿಸಿದ ಕೊಂಡಿ ಒತ್ತಿ ತೆಲುಗಿನದನ್ನೂ ನೋಡುತ್ತಾನೆ. ನೋಡಿದವನು ಒಬ್ಬ, ಲೆಕ್ಕಕ್ಕೆ ಮೂವರು. ಮರುದಿನ ಪೋಸ್ಟರಿನ ಅಂಕಿ ಹಿಡಿದು ವಾದಕ್ಕೆ ನಿಲ್ಲುವವನೂ ಅವನೇ.

ಇನ್ನೊಂದು ಪದರವೂ ಇದೆ. ಹಣ ತೆತ್ತು ಟ್ರೇಲರನ್ನು ಬೇರೆ ವಿಡಿಯೊಗಳ ನಡುವೆ ಜಾಹೀರಾತಾಗಿ ಓಡಿಸಿದಾಗ, ನೋಡುವವರು ಅದನ್ನು ದಾಟಿಸದೆ 30 ಸೆಕೆಂಡ್ ಬಿಟ್ಟರೆ ಅದೂ ಒಂದು ವೀಕ್ಷಣೆಯಾಗುತ್ತದೆ. ಹೀಗೆ ಕೊಂಡ ವೀಕ್ಷಣೆಗಳ ಬಗ್ಗೆ ತಕರಾರು ಹೆಚ್ಚಾದಾಗ, ತನ್ನ ಸಂಗೀತದ ಪಟ್ಟಿಗಳಿಗೆ ಮತ್ತು ಹಾಡುಗಳ 24 ಗಂಟೆಯ ದಾಖಲೆಗೆ ಜಾಹೀರಾತಿನ ವೀಕ್ಷಣೆಯನ್ನು ಪರಿಗಣಿಸುವುದಿಲ್ಲವೆಂದು ಯೂಟ್ಯೂಬ್ 2019ರ ಸೆಪ್ಟೆಂಬರಿನಲ್ಲಿ ಹೇಳಿತು. ಆದರೆ ಟ್ರೇಲರಿನ ಕೆಳಗೆ ನಮಗೆ ಕಾಣುವ ಅಂಕಿಯಲ್ಲಿ ಎಷ್ಟು ಮಂದಿ ತಾವಾಗಿ ಬಂದರು, ಎಷ್ಟು ಮಂದಿ ಜಾಹೀರಾತಿಗೆ ಸಿಕ್ಕರು ಎಂದು ಹೊರಗಿನವರು ಬಿಡಿಸಿ ಹೇಳಲಾರರು. ಇಷ್ಟವಿಲ್ಲವೆಂದು ಒತ್ತಿದವರ ಸಂಖ್ಯೆಯೂ 2021ರ ನವೆಂಬರಿನಿಂದ ನೋಡುಗರಿಗೆ ಕಾಣಿಸುತ್ತಿಲ್ಲ. ಹಾಗಾಗಿ ಅದೇ ಚಿತ್ರದ ಟೀಸರ್ ಬಂದಾಗ ಮೆಚ್ಚಿದವರನ್ನೂ ಮೆಚ್ಚದವರನ್ನೂ ಎಣಿಸಬಹುದಿತ್ತು, ಟ್ರೇಲರ್ ಬರುವ ಹೊತ್ತಿಗೆ ಮೆಚ್ಚಿದವರಷ್ಟೇ ಉಳಿದರು. ಮೆಚ್ಚದವರು ಆಗ ಎಲ್ಲಿಗೆ ಹೋದಾರು? ಬಟನ್ ಒತ್ತಿ ಸುಮ್ಮನಾಗುತ್ತಿದ್ದವರು ಬಾಯಿಗೆ ಬಂದದ್ದನ್ನು ಬರೆಯತೊಡಗಿದರು. ಪ್ರತಿಕ್ರಿಯೆಗಳ ಭಾಷೆ ಈಚೆಗೆ ಒರಟಾಗಿದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ಎರಡನೇ ಭಾಗದ ಟ್ರೇಲರಿನಲ್ಲಿದ್ದ ಒಂದು ಸಂಭಾಷಣೆಗೆ ಮರುಳಾಗಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಚಿತ್ರಕ್ಕೆ ಹೋದೆ. ಕೊನೆಯ ತನಕ ಕಾದರೂ ಆ ಮಾತು ಬರಲಿಲ್ಲ. ಇದು ಮೋಸವಲ್ಲವೇ? ಗ್ರಾಹಕರ ವೇದಿಕೆಗೆ ಹೋಗಬಹುದೇ?
– ಶಾಲಾ ಶಿಕ್ಷಕರು, ಆಳಂದ

ಉತ್ತರ: ನಿಮ್ಮದೇ ದೂರನ್ನು ಹೊತ್ತು ಒಬ್ಬ ಶಿಕ್ಷಕಿ ಸುಪ್ರೀಂ ಕೋರ್ಟಿನ ತನಕ ಹೋಗಿಬಂದಿದ್ದಾರೆ. 2016ರ ಹಿಂದಿ ಚಿತ್ರವೊಂದರ ಪ್ರಚಾರದ ತುಣುಕುಗಳಲ್ಲಿ ಪದೇ ಪದೇ ಕೇಳಿಸುತ್ತಿದ್ದ ಹಾಡಿಗಾಗಿ ಅವರು ಕುಟುಂಬದೊಂದಿಗೆ ಚಿತ್ರಕ್ಕೆ ಹೋದರು, ಹಾಡು ಚಿತ್ರದಲ್ಲಿ ಇರಲೇ ಇಲ್ಲ. ಆ ಚಿತ್ರದ ಹೆಸರು ‘ಫ್ಯಾನ್’, ಅಂದರೆ ಅಭಿಮಾನಿ. ಇಂಥ ಕಾಕತಾಳೀಯವನ್ನು ಕಥೆಗಾರರು ಬರೆದಿದ್ದರೆ ನಾವು ನಂಬುತ್ತಿರಲಿಲ್ಲ. ಜಿಲ್ಲಾ ವೇದಿಕೆ ದೂರನ್ನು ತಳ್ಳಿಹಾಕಿತು. ಮಹಾರಾಷ್ಟ್ರದ ರಾಜ್ಯ ಆಯೋಗ 10,000 ರೂಪಾಯಿ ಪರಿಹಾರವನ್ನೂ 5,000 ರೂಪಾಯಿ ಖರ್ಚನ್ನೂ ಕೊಡಿಸಿತು, ರಾಷ್ಟ್ರೀಯ ಆಯೋಗ ಅದನ್ನು ಎತ್ತಿಹಿಡಿಯಿತು. ನಿರ್ಮಾಪಕರ ಮೇಲ್ಮನವಿಯ ಮೇಲೆ ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಮತ್ತು ನ್ಯಾಯಮೂರ್ತಿ ಅರವಿಂದ ಕುಮಾರ್ ಅವರ ಪೀಠ 2024ರ ಏಪ್ರಿಲ್ 22ರಂದು ಆ ಆದೇಶಗಳನ್ನು ರದ್ದುಮಾಡಿತು. ಟ್ರೇಲರ್ ಟಿಕೆಟ್ ಕೊಳ್ಳಲು ಜನರನ್ನು ಹುರಿದುಂಬಿಸುವ ಪ್ರಚಾರವೇ ಹೊರತು ಪ್ರೇಕ್ಷಕನೊಂದಿಗೆ ಮಾಡಿಕೊಳ್ಳುವ ಕರಾರಲ್ಲ, ಅದರಲ್ಲಿ ಕಂಡದ್ದು ಚಿತ್ರದಲ್ಲಿ ಇಲ್ಲವೆಂಬ ಮಾತ್ರಕ್ಕೆ ಸೇವೆಯಲ್ಲಿ ಕೊರತೆಯಾಯಿತೆಂದು ಹೇಳಲಾಗದು, ಮತ್ತು ಕಲೆಯನ್ನು ಒದಗಿಸುವ ಸೇವೆಯಲ್ಲಿ ಕಲಾವಿದನ ಸ್ವಾತಂತ್ರ್ಯ ಸೇರಿಯೇ ಇರುತ್ತದೆ ಎಂಬುದು ತೀರ್ಪಿನ ಸಾರ.

ಆದ್ದರಿಂದ ವೇದಿಕೆಗೆ ಹೋಗುವ ಖರ್ಚು ಉಳಿಸಿರಿ. ಆದರೆ ನಿಮ್ಮ ಬೇಸರ ಸಣ್ಣದೆಂದು ನಾನು ಹೇಳುವುದಿಲ್ಲ. ಟ್ರೇಲರ್ ಕಟ್ಟುವ ಹೊತ್ತಿಗೆ ಚಿತ್ರದ ಸಂಕಲನ ಅನೇಕ ವೇಳೆ ಮುಗಿದಿರುವುದಿಲ್ಲ. ಟ್ರೇಲರಿಗೆ ಸಿಡಿಗುಂಡಿನಂತಿದ್ದ ಮಾತು ಕಥೆಯ ಓಟದಲ್ಲಿ ಕಾಲಿಗೆ ತೊಡರಿದರೆ ಕತ್ತರಿಗೆ ಹೋಗುತ್ತದೆ. ಕೆಲವೊಮ್ಮೆ ಇದನ್ನು ಬೇಕೆಂದೇ ಮಾಡುತ್ತಾರೆ: ಅಭಿಮಾನಿಗಳು ಟ್ರೇಲರನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ಕಥೆಯನ್ನು ಊಹಿಸುವುದರಿಂದ ಅವರನ್ನು ದಾರಿ ತಪ್ಪಿಸಲು ಒಂದೆರಡು ಚೂರು ಸೇರಿಸುವುದುಂಟು. ಆ ಮಾತಿಗೆ ಮರುಳಾಗಿದ್ದು ಯಾರು, ನೀವೋ ಮಕ್ಕಳೋ? ಪತ್ರದಲ್ಲಿ ಅದನ್ನು ಬರೆದಿಲ್ಲ.

ಪ್ರಶ್ನೆ: ಟ್ರೇಲರಿನಲ್ಲೇ ಕಥೆಯನ್ನೆಲ್ಲ ಹೇಳಿಬಿಟ್ಟರೆ ಚಿತ್ರಕ್ಕೆ ಯಾಕೆ ಹೋಗಬೇಕು?
– ಬ್ಯಾಂಕ್ ನೌಕರರು, ಯಾದಗಿರಿ

ಉತ್ತರ: ಮೊದಲ ಭಾಗದ ಮೇಲೆ ನಂಬಿಕೆ ಕಡಿಮೆಯಿದ್ದಷ್ಟೂ ಎರಡನೆಯದರ ಟ್ರೇಲರ್ ಹೆಚ್ಚು ಹೇಳುತ್ತದೆ. ನಂಬಿಕೆ ಇದ್ದವರು ಹೇಳದೆ ಉಳಿಸುತ್ತಾರೆ. ‘ಬಾಹುಬಲಿ’ 2015ರ ಜುಲೈ 10ರಂದು ಒಂದು ಪ್ರಶ್ನೆಯನ್ನು ನೆತ್ತಿಯ ಮೇಲೆ ತೂಗುಬಿಟ್ಟು ಮುಗಿಯಿತು: ಕಟ್ಟಪ್ಪ ಬಾಹುಬಲಿಯನ್ನು ಕೊಂದದ್ದೇಕೆ? ಎರಡನೆಯದು ಬಂದದ್ದು 2017ರ ಏಪ್ರಿಲ್ 28ರಂದು. ಆ ವರ್ಷ ಮಾರ್ಚಿನಲ್ಲಿ ಬಂದ ಟ್ರೇಲರ್ ಯುದ್ಧ, ಅರಮನೆ, ಆನೆ ಎಲ್ಲವನ್ನೂ ತೋರಿಸಿತು, ಆ ಒಂದು ಉತ್ತರವನ್ನು ಬಿಟ್ಟು. ಜನ ಹೋದದ್ದು ಅದಕ್ಕಾಗಿ. ನಿಮ್ಮ ಬ್ಯಾಂಕಿನಲ್ಲೂ ತಿಜೋರಿಯ ಬಾಗಿಲನ್ನು ಎಲ್ಲರೂ ನೋಡಬಹುದು.

ಪ್ರಶ್ನೆ: ಟ್ರೇಲರ್ ಇಲ್ಲದ ಕಾಲದಲ್ಲಿ ನಾವು ಸುರಪುರದಲ್ಲಿ ಟಾಂಗಾದ ಹಿಂದೆ ಓಡಿ ಹ್ಯಾಂಡ್‌ಬಿಲ್ ಹಿಡಿದು ಚಿತ್ರ ನಿಶ್ಚಯಿಸುತ್ತಿದ್ದೆವು. ಆಗಲೂ ‘ಎರಡನೇ ಭಾಗ’ಗಳು ಇದ್ದವೇ?
– ನಿವೃತ್ತ ಗುಮಾಸ್ತರು, ಸುರಪುರ

ಉತ್ತರ: ಇದ್ದವು, ಆದರೆ ಕಥೆ ಮುಂದುವರಿಯುತ್ತಿರಲಿಲ್ಲ, ಪಾತ್ರ ಮುಂದುವರಿಯುತ್ತಿತ್ತು. ರಾಜಕುಮಾರ್ ಸಿಐಡಿ 999 ಆಗಿ ಬಂದ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿಐಡಿ 999’ ಎರಡೂ 1968ರವು, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ 1969ರದು, ‘ಆಪರೇಷನ್ ಡೈಮಂಡ್ ರಾಕೆಟ್’ 1978ರದು. ದೊರೆ–ಭಗವಾನ್ ಜೋಡಿಯ ಈ ಸಾಲಿನಲ್ಲಿ ಹಿಂದಿನದನ್ನು ನೋಡದವನಿಗೂ ಮುಂದಿನದು ಅರ್ಥವಾಗುತ್ತಿತ್ತು, ಹಾಗಾಗಿ ಹೋಲಿಕೆಯ ಜಗಳವೂ ಕಡಿಮೆ.

ಟಾಂಗಾದ ಮಾತು ಎತ್ತಿದಿರಿ, ಇನ್ನು ನನ್ನನ್ನು ತಡೆಯುವುದು ಕಷ್ಟ. ಕಲಬುರಗಿಯಲ್ಲಿ ನಮ್ಮ ಓಣಿಗೆ ಟಾಂಗಾ ಬರುತ್ತಿದ್ದುದು ಮಧ್ಯಾಹ್ನ, ಎರಡೂ ಬದಿಗೆ ಬಿದಿರಿನ ತಟ್ಟಿಗೆ ಅಂಟಿಸಿದ ಪೋಸ್ಟರು, ಒಳಗೆ ಕುಳಿತವನ ಕೈಯಲ್ಲಿ ಮೈಕು. ಹ್ಯಾಂಡ್‌ಬಿಲ್ಲಿನ ಕಾಗದ ಎಷ್ಟು ತೆಳ್ಳಗೆಂದರೆ ಬೆವರಿದ ಕೈಗೆ ಅದರ ಗುಲಾಬಿ ಬಣ್ಣ ಹತ್ತುತ್ತಿತ್ತು. ಆದರೆ ನಮ್ಮ ಪಾಲಿನ ನಿಜವಾದ ಟ್ರೇಲರ್ ಎಂದರೆ ಟಾಕೀಜಿನ ಗಾಜಿನ ಪೆಟ್ಟಿಗೆಯಲ್ಲಿ ಚುಚ್ಚಿಟ್ಟ ಫೋಟೊಗಳು. ಅವೇ ಫೋಟೊಗಳು ಊರಿಂದೂರಿಗೆ ಹೋಗುತ್ತಿದ್ದುದರಿಂದ ನಾಲ್ಕು ಮೂಲೆಗೂ ಗುಂಡುಪಿನ್ನಿನ ತೂತುಗಳು. ನನ್ನ ಗೆಳೆಯನೊಬ್ಬ ಗಾಜಿಗೆ ಮೂಗು ಒತ್ತಿ ತೂತುಗಳನ್ನು ಎಣಿಸಿ, ‘ಇದು ಹನ್ನೊಂದು ಊರು ತಿರುಗಿ ಬಂದದ, ಹಳೇದದ’ ಎಂದು ತೀರ್ಪು ಕೊಡುತ್ತಿದ್ದ. ಫೋಟೊದಲ್ಲಿದ್ದ ಹೊಡೆದಾಟ ಚಿತ್ರದಲ್ಲಿ ಬಾರದಿದ್ದರೆ ನಾವು ರೀಲು ಹಚ್ಚುವವನ ಮೇಲೆ ಸಂಶಯಪಡುತ್ತಿದ್ದೆವು: ಅವನೇ ಕತ್ತರಿಸಿ ಮನೆಗೆ ಒಯ್ದಿದ್ದಾನೆ ಎಂದು. ಆಳಂದದ ಶಿಕ್ಷಕರ ಬೇಸರ ಹೊಸದೇನಲ್ಲ.

ಪ್ರಶ್ನೆ: ‘ಕಾಂತಾರ’ ಮೊದಲೇ ಬಂತು, ಆಮೇಲೆ ಬಂದದ್ದಕ್ಕೆ ‘ಅಧ್ಯಾಯ 1’ ಎಂದು ಹೆಸರು. ಲೆಕ್ಕ ತಪ್ಪಲಿಲ್ಲವೇ?
– ವಿದ್ಯಾರ್ಥಿನಿ, ಹುಮನಾಬಾದ್

ಉತ್ತರ: ತಪ್ಪಿಲ್ಲ. 2022ರ ಸೆಪ್ಟೆಂಬರ್ 30ರಂದು ಬಂದ ಚಿತ್ರಕ್ಕಿಂತ ಹಿಂದಿನ ಕಾಲದ ಕಥೆಯನ್ನು 2025ರ ಅಕ್ಟೋಬರ್ 2ರಂದು ಬಂದ ಚಿತ್ರ ಹೇಳಿತು. ಹೀಗೆ ಹಿನ್ನಡೆಯುವುದರಲ್ಲಿ ಒಂದು ಅನುಕೂಲವಿದೆ: ‘ನಮ್ಮ ನಾಯಕ ಬದಲಾಗಿಬಿಟ್ಟ’ ಎಂದು ಟ್ರೇಲರ್ ನೋಡಿ ದೂರಲು ಬರುವುದಿಲ್ಲ, ಏಕೆಂದರೆ ಅವನಿನ್ನೂ ಹುಟ್ಟಿಯೇ ಇಲ್ಲ.

ಪ್ರಶ್ನೆ: ನನ್ನ ಮಗ ಓದು ಬಿಟ್ಟು ಟ್ರೇಲರುಗಳನ್ನು ಕತ್ತರಿಸಿ, ಬೇರೆ ಸಂಗೀತ ಕೂಡಿಸಿ, ಅಭಿಮಾನಿಗಳ ವಿಡಿಯೊ ಮಾಡುತ್ತ ರಾತ್ರಿ ಕಳೆಯುತ್ತಾನೆ. ಬೈದರೆ ‘ಇದೂ ಕೆಲಸನೇ’ ಎನ್ನುತ್ತಾನೆ. ಏನು ಮಾಡಲಿ?
– ತಂದೆ, ಕಲಬುರಗಿ

ಉತ್ತರ: ಬೈಯುವ ಮೊದಲು ನಮ್ಮ ಊರಿನದೇ ಒಂದು ಸಂಗತಿ ಕೇಳಿರಿ. ‘ಕೆಜಿಎಫ್’ ಎರಡನೇ ಅಧ್ಯಾಯದ ಸಂಕಲನಕಾರ ಉಜ್ವಲ್ ಕುಲಕರ್ಣಿ ಕಲಬುರಗಿಯ ಕಡೆಯವರು. ಆ ಕೆಲಸ ಕೈಗೆ ಬಂದಾಗ ಅವರಿಗೆ ಇಪ್ಪತ್ತರ ಆಸುಪಾಸು. ಅದಕ್ಕೆ ಮುಂಚೆ ಮಾಡುತ್ತಿದ್ದುದು ಕಿರುಚಿತ್ರಗಳನ್ನು ಮತ್ತು ನಿಮ್ಮ ಮಗ ಮಾಡುವಂಥ ಅಭಿಮಾನಿಗಳ ವಿಡಿಯೊಗಳನ್ನು. ನಿರ್ದೇಶಕ ಪ್ರಶಾಂತ್ ನೀಲ್ ಅವರ ಕಣ್ಣಿಗೆ ಅವರ ಕೆಲಸ ಬಿದ್ದು, ಚಿತ್ರವೇ ಅವರ ಮೇಜಿಗೆ ಬಂತು. ಮುಂದೆ 2023ರ ‘ಸಲಾರ್’ ಕೂಡ ಅವರದೇ ಸಂಕಲನ. ಮೊದಲ ಭಾಗಕ್ಕೆ ಅಭಿಮಾನಿಯಾಗಿ ಪ್ರತಿಕ್ರಿಯಿಸಿದವನು ಎರಡನೆಯದನ್ನು ತಾನೇ ಕತ್ತರಿಸಿ ಜೋಡಿಸಿದ ಇಂಥ ಪ್ರಸಂಗ ಅಪರೂಪ. ಅಪರೂಪ ಎಂಬ ಮಾತನ್ನು ನಿಮ್ಮ ಮಗನಿಗೂ ಓದಿ ಹೇಳಿರಿ. ಚಪ್ಪಾಳೆ ಬೀಳುವ ತುಣುಕುಗಳನ್ನು ಒಂದರ ಹಿಂದೊಂದು ಹಚ್ಚುವುದು ಸುಲಭ. ಎರಡು ಚಪ್ಪಾಳೆಗಳ ನಡುವೆ ಎಷ್ಟು ಹೊತ್ತು ಸುಮ್ಮನಿರಬೇಕೆಂದು ತಿಳಿಯುವುದು ಸಂಕಲನ. ಅವನು ಮಾಡಿದ ವಿಡಿಯೊ ಒಂದನ್ನು ಧ್ವನಿ ತೆಗೆದು ನೋಡಿರಿ. ಸಂಗೀತವಿಲ್ಲದೆಯೂ ಕಣ್ಣು ಹಿಡಿದು ಕೂರಿಸಿದರೆ ಹುಡುಗನಲ್ಲಿ ಏನೋ ಇದೆ, ಅವನಿಗೆ ಪದವಿ ಮುಗಿಸುವ ಕರಾರಿನ ಮೇಲೆ ಒಳ್ಳೆಯ ಕಂಪ್ಯೂಟರ್ ಕೊಡಿಸಿರಿ. ಇಲ್ಲವಾದರೆ ರಾತ್ರಿ ಹನ್ನೊಂದಕ್ಕೆ ವೈಫೈ ಬಂದ್ ಮಾಡಿರಿ.

ಪ್ರಶ್ನೆ: ನಾನು ಮತ್ತು ಅಕ್ಕ ಟ್ರೇಲರ್ ನೋಡುತ್ತ ನಮ್ಮ ಮುಖಭಾವವನ್ನೇ ವಿಡಿಯೊ ಮಾಡಿ ಹಾಕಿದೆವು. ಎರಡು ದಿನಕ್ಕೆ ಹಕ್ಕುಸ್ವಾಮ್ಯದ ನೋಟಿಸ್ ಬಂತು. ಹೆದರಬೇಕೇ?
– ಬಸವಕಲ್ಯಾಣ

ಉತ್ತರ: ಯೂಟ್ಯೂಬಿನ ಯಂತ್ರ ತನ್ನಲ್ಲಿರುವ ಮಾದರಿಯೊಂದಿಗೆ ನಿಮ್ಮ ವಿಡಿಯೊದ ಚಿತ್ರ ಮತ್ತು ಧ್ವನಿಯನ್ನು ಹೋಲಿಸಿ ತಾನಾಗಿ ಕಳಿಸಿದ ಸೂಚನೆ ಅದಾಗಿರಬಹುದು. ಅಂಥ ಸಂದರ್ಭದಲ್ಲಿ ಹಕ್ಕುದಾರರು ವಿಡಿಯೊವನ್ನು ತಡೆಯಬಹುದು, ಇಲ್ಲವೇ ಇರಲು ಬಿಟ್ಟು ಅದರ ಜಾಹೀರಾತಿನ ಹಣವನ್ನು ತಾವು ಪಡೆಯಬಹುದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮು ವಿಮರ್ಶೆಗಾಗಿ ಕೃತಿಯೊಂದನ್ನು ನ್ಯಾಯಯುತವಾಗಿ ಬಳಸಲು ಅವಕಾಶ ಕೊಡುತ್ತದೆ. ಆದರೆ ಇಡೀ ಟ್ರೇಲರನ್ನು ಮೂಲೆಯಲ್ಲಿ ಓಡಿಸಿ, ನಡುನಡುವೆ ‘ಅಯ್ಯೋ’, ‘ಭಾರಿ ಅದ’ ಎನ್ನುವುದು ವಿಮರ್ಶೆಯೆಂದು ವಾದಿಸುವುದು ವಕೀಲರಿಗೂ ಕಷ್ಟ. ತುಣುಕು ಕಡಿಮೆ, ನಿಮ್ಮ ಮಾತು ಹೆಚ್ಚು ಇರಲಿ.

ನಿಜವಾಗಿ ಹೆದರಬೇಕಾದ್ದು ಬೇರೊಂದಕ್ಕೆ. ಚಿತ್ರ ಬಿಡುಗಡೆಯಾದ ಬೆಳಿಗ್ಗೆ ನಾಯಕನ ಪ್ರವೇಶದ ದೃಶ್ಯವನ್ನು ಚಿತ್ರಮಂದಿರದೊಳಗೆ ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ ಇಡುವ ಚಾಳಿ ನಮ್ಮ ಊರುಗಳಲ್ಲಿ ಬೆಳೆದಿದೆ. 2023ರಲ್ಲಿ ಸಿನಿಮಾಟೊಗ್ರಾಫ್ ಕಾಯ್ದೆಗೆ ಮಾಡಿದ ತಿದ್ದುಪಡಿಯ ಪ್ರಕಾರ ಹೀಗೆ ಅನುಮತಿಯಿಲ್ಲದೆ ಮುದ್ರಿಸಿದ್ದು ಸಾಬೀತಾದರೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವಿದೆ, ದಂಡ ಮೂರು ಲಕ್ಷ ರೂಪಾಯಿಗೆ ಕಡಿಮೆಯಿಲ್ಲ. ಮೂವತ್ತು ಸೆಕೆಂಡಿನ ಸ್ಟೇಟಸ್ಸಿಗೆ ಅದು ತುಸು ದುಬಾರಿ.

ಪ್ರಶ್ನೆ: ಮಗ ಮತ್ತು ಅವನ ಗೆಳೆಯರು ಟ್ರೇಲರ್ ಬಿಡುಗಡೆಯ ರಾತ್ರಿಯೇ ಕಟೌಟ್ ನಿಲ್ಲಿಸಲು ಹಣ ಕೂಡಿಸುತ್ತಿದ್ದಾರೆ. ಬೇಡವೆಂದರೆ ಕೇಳುತ್ತಿಲ್ಲ.
– ತಾಯಿ, ಶಹಾಪುರ

ಉತ್ತರ: ತಾಯಿ, ಅವರಿಗೆ ಸೂರಣಗಿಯ ಹೆಸರು ಹೇಳಿರಿ. ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಆ ಹಳ್ಳಿಯಲ್ಲಿ ಯಶ್ ಅವರ ಹುಟ್ಟುಹಬ್ಬಕ್ಕೆಂದು ರಾತ್ರಿ ಕಟೌಟ್ ನಿಲ್ಲಿಸುತ್ತಿದ್ದ ಮೂವರು ಯುವಕರು 2024ರ ಜನವರಿ 8ರಂದು ವಿದ್ಯುತ್ ತಗುಲಿ ತೀರಿಕೊಂಡರು. ಯಶ್ ಮೃತರ ಮನೆಗಳಿಗೆ ಹೋಗಿ, ಅಭಿಮಾನವನ್ನು ಈ ರೀತಿ ತೋರಿಸಬೇಡಿರೆಂದು ಕೇಳಿಕೊಂಡರು. ಹುಡುಗರು ನಟನ ಮಾತನ್ನಾದರೂ ಕೇಳಿಯಾರು. ಕೂಡಿಸಿದ ಹಣಕ್ಕೆ ಮೊದಲ ದಿನದ ಟಿಕೆಟ್ ಕೊಳ್ಳಲಿ; ಕಟೌಟ್ ಬೇಕೇ ಬೇಕೆಂದರೆ ಚಿತ್ರಮಂದಿರದವರು ಹಗಲಿನಲ್ಲಿ, ತಿಳಿದವರಿಂದ, ತಂತಿಯಿಂದ ದೂರದಲ್ಲಿ ನಿಲ್ಲಿಸಿಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ಮನೆಯಲ್ಲಿ ತೆಲುಗು ಚಿತ್ರದ ಎರಡನೇ ಭಾಗದ ಟ್ರೇಲರನ್ನು ಕನ್ನಡದಲ್ಲಿ ಹಚ್ಚಿದರೆ ಎಲ್ಲರೂ ನಗುತ್ತಾರೆ. ಕನ್ನಡ ಅಷ್ಟು ಅಸಹಜವಾಗಿ ಏಕೆ ಕೇಳಿಸುತ್ತದೆ?
– ಕಿರಾಣಿ ವ್ಯಾಪಾರಿ, ಗುರುಮಠಕಲ್

ಉತ್ತರ: ನಿಮ್ಮಲ್ಲಿ ತೆಲುಗು ಮನೆ ಬಾಗಿಲಲ್ಲೇ ಇದೆ, ಮೂಲವನ್ನು ಕಿವಿ ಮೊದಲೇ ಕೇಳಿರುತ್ತದೆ. ಎರಡನೆಯ ಕಾರಣ, ನಮ್ಮಲ್ಲಿ ಡಬ್ಬಿಂಗಿನ ಅಭ್ಯಾಸ ಈಚಿನದು. ದಶಕಗಳ ಕಾಲ ಕನ್ನಡ ಚಿತ್ರರಂಗ ಡಬ್ಬಿಂಗನ್ನು ಹೊರಗಿಟ್ಟಿತ್ತು. ಹಾಗೆ ತಡೆಯುವುದು ಸ್ಪರ್ಧೆಯ ಕಾನೂನಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಮಾಡಿದ ಮೇಲೆ ದಾರಿ ತೆರೆಯಿತು. ತುಟಿಯ ಚಲನೆಗೆ ಹೊಂದುವಂತೆ ಬರೆಯುವಾಗ ಕನ್ನಡದ ಕ್ರಿಯಾಪದ ವಾಕ್ಯದ ಮಧ್ಯಕ್ಕೆ ಜಾರುತ್ತದೆ, ಯಾರ ಮನೆಯಲ್ಲೂ ಆಡದ ಪುಸ್ತಕದ ಮಾತು ಬಾಯಿಗೆ ಬರುತ್ತದೆ. ಟ್ರೇಲರಿನಲ್ಲಿ ಮಾತು ಕಡಿಮೆ, ಇದ್ದ ಮಾತೆಲ್ಲ ಗುಡುಗು. ಹಾಗಾಗಿ ತಪ್ಪು ಎದ್ದು ಕಾಣುತ್ತದೆ.

ನನ್ನ ತಕರಾರು ಬೇರೆ. ನೇರ ಕನ್ನಡದ ಟ್ರೇಲರುಗಳಲ್ಲೂ ನಮ್ಮ ಕಡೆಯ ಮಾತು ಕೇಳುವುದು ಹೆಚ್ಚಾಗಿ ನಗಿಸುವವನ ಬಾಯಲ್ಲಿ. ನಾಯಕ ಸಿಟ್ಟಿಗೆದ್ದಾಗ ‘ಏನಲೇ, ಯಾರಿಗಿ ಅಂದಿ?’ ಎಂದದ್ದನ್ನು ನಾನಂತೂ ಕೇಳಿದ್ದು ಕಡಿಮೆ. ಬೆಂಗಳೂರಿನ ಕನ್ನಡದಲ್ಲಿ ಎಚ್ಚರಿಕೆ ಕೊಟ್ಟರೆ ಮಾತ್ರ ಖಳ ಹೆದರುತ್ತಾನೆ ಎಂದು ಯಾರು ಹೇಳಿದರೋ ಕಾಣೆ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಸಂಜೆ ನಿಂತರೆ ಅವರ ಅಭಿಪ್ರಾಯ ಬದಲಾದೀತು.

ಪ್ರಶ್ನೆ: ಟ್ರೇಲರನ್ನು ನೋಡದೆಯೇ ಎರಡನೇ ಭಾಗಕ್ಕೆ ಹೋಗಬೇಕೆಂದು ಆಸೆ. ಈ ಕಾಲದಲ್ಲಿ ಸಾಧ್ಯವೇ?
– ಚಿಂಚೋಳಿ

ಉತ್ತರ: ನಾನು ಒಮ್ಮೆ ಪಣ ತೊಟ್ಟು ನೋಡಿದ್ದೇನೆ. ಹತ್ತು ದಿನ ವಾಟ್ಸ್‌ಆ್ಯಪ್ ಗುಂಪುಗಳನ್ನು ಮೌನಕ್ಕೆ ಹಾಕಿದೆ, ಟಿವಿಯಲ್ಲಿ ಜಾಹೀರಾತು ಬಂದರೆ ಅಡುಗೆಮನೆಗೆ ಹೋದೆ. ಹನ್ನೊಂದನೆಯ ದಿನ ಕ್ಷೌರದ ಅಂಗಡಿಯಲ್ಲಿ ಸಿಕ್ಕಿಬಿದ್ದೆ. ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, ಗಲ್ಲಕ್ಕೆ ನೊರೆ ಹಚ್ಚಿ, ಕತ್ತಿ ಕಿವಿಯ ಹತ್ತಿರ ಬಂದಿರುವಾಗ ಪಕ್ಕದ ಕುರ್ಚಿಯ ಹುಡುಗ ಮೊಬೈಲಿನಲ್ಲಿ ಟ್ರೇಲರ್ ಹಚ್ಚಿದ, ಅದೂ ಪೂರ್ತಿ ಧ್ವನಿಯಲ್ಲಿ. ಕಣ್ಣು ಮುಚ್ಚಿಕೊಂಡೆ, ಕಿವಿ ಮುಚ್ಚಿಕೊಳ್ಳಲು ಕೈ ಬಟ್ಟೆಯ ಕೆಳಗಿದ್ದವು. ಚಿತ್ರದಲ್ಲಿ ನಾಯಕ ಬಾಯಿ ತೆರೆಯುವ ಮೊದಲೇ ಆ ಮಾತನ್ನು ನಾನೇ ಗಟ್ಟಿಯಾಗಿ ಹೇಳಿಬಿಟ್ಟೆನೆಂದು ಪಕ್ಕದಲ್ಲಿ ಕುಳಿತಿದ್ದ ಮಗಳು ಇಂದಿಗೂ ಹಂಗಿಸುತ್ತಾಳೆ.